ಯಕೃತ್ತಿನ ಕ್ಯಾನ್ಸರಿಗೆ ಕಸಿ ಚಿಕಿತ್ಸೆ: ಬದುಕುಳಿಯುವ ಲೆಕ್ಕವನ್ನು ಅರಿಯುವ ಬಗೆ

(ದೇವರಾಜ ಮೊಹಲ್ಲಾದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸ)

ನಾನು ವೈದ್ಯೆಯಲ್ಲ. ನರ್ಸಿಂಗ್ ಡಿಪ್ಲೊಮಾ ಓದಿ, ವಾರ್ಡಿನಲ್ಲಿ ಕೆಲಸ ಮಾಡಿ, ಈಗ ರೋಗಿಗಳಿಗೂ ಕಿರಿಯ ಶುಶ್ರೂಷಕಿಯರಿಗೂ ತಿಳಿವಳಿಕೆ ಹೇಳುವ ಕೆಲಸದಲ್ಲಿದ್ದೇನೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಮನೆಯವರು ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳುವ ಪ್ರಶ್ನೆಗಳಿರುತ್ತವೆ. ಯಕೃತ್ತಿನ ಕ್ಯಾನ್ಸರ್ ಎಂದು ತಿಳಿದ ಮನೆಯವರು ಕೇಳುವುದು ಬಹುಪಾಲು ಒಂದೇ ಪ್ರಶ್ನೆ: "ಸಿಸ್ಟರ್, ಲಿವರ್ ಬದಲಾಯಿಸಿದರೆ ಎಷ್ಟು ವರ್ಷ ಇರ್ತಾರೆ?" ಆ ಪ್ರಶ್ನೆಯ ಹಿಂದೆ ಅರ್ಧ ಎಕರೆ ಗದ್ದೆ ಇರಬಹುದು, ಮಗಳ ಮದುವೆಗೆಂದು ಕೂಡಿಟ್ಟ ಹಣ ಇರಬಹುದು, ತನ್ನ ಯಕೃತ್ತಿನ ಭಾಗವನ್ನೇ ಕೊಡಲು ಸಿದ್ಧಳಾಗಿರುವ ಹೆಂಡತಿ ಇರಬಹುದು. ಆದ್ದರಿಂದ ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಸರಿಯಲ್ಲ. ಇವತ್ತು ಆ ಲೆಕ್ಕವನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಸಿಯ ನಂತರ ರೋಗಿ ಎಷ್ಟು ಕಾಲ ಬದುಕುತ್ತಾರೆ ಎಂಬುದರ ಬಹುಪಾಲು ತೀರ್ಮಾನ ಆಪರೇಷನ್‌ಗೆ ಮೊದಲೇ ಆಗಿರುತ್ತದೆ. ಗಡ್ಡೆ ಎಷ್ಟು ಚಿಕ್ಕದಿದ್ದಾಗ ಸಿಕ್ಕಿತು ಎಂಬುದೇ ಮುಖ್ಯ. ಉಳಿದದ್ದು ಆಪರೇಷನ್ ಆದ ಮೇಲೆ ಮನೆಯಲ್ಲಿ ಗಡಿಯಾರ ನೋಡಿ ನುಂಗುವ ಮಾತ್ರೆಯ ಮೇಲೆ ನಿಂತಿದೆ.

ಒಂದೇ ದೇಹದಲ್ಲಿ ಎರಡು ಕಾಯಿಲೆ

ಯಕೃತ್ತು ಅಥವಾ ಪಿತ್ತಜನಕಾಂಗ, ಅಂದರೆ ನಾವೆಲ್ಲ ಲಿವರ್ ಎನ್ನುವ ಅಂಗ, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಅಡಿಯಲ್ಲಿದೆ. ದೊಡ್ಡವರಲ್ಲಿ ಇದರ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ವರ್ಷಾನುಗಟ್ಟಲೆ ಮದ್ಯಪಾನ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬು ತುಂಬಿದ ಯಕೃತ್ತು, ಇವುಗಳಿಂದ ಯಕೃತ್ತು ಮತ್ತೆ ಮತ್ತೆ ಗಾಯಗೊಂಡು, ಮಾಯ್ದು, ಕೊನೆಗೆ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಬಹುತೇಕ ಇಂಥ ಗಟ್ಟಿಯಾದ ಯಕೃತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ.

ಹೀಗಾಗಿ ರೋಗಿಗೆ ಇರುವುದು ಎರಡು ಕಾಯಿಲೆ. ಒಂದು ಗಡ್ಡೆ, ಇನ್ನೊಂದು ಆ ಗಡ್ಡೆಯನ್ನು ಬೆಳೆಸಿದ ಹಾಳಾದ ಯಕೃತ್ತು. ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆದರೆ ಅದು ಬೆಳೆದ ನೆಲ ಹಾಗೇ ಉಳಿಯುತ್ತದೆ. ಹೀಗೆ ಗಡ್ಡೆ ತೆಗೆಸಿಕೊಂಡವರಲ್ಲಿ 5 ವರ್ಷದೊಳಗೆ 100ಕ್ಕೆ ಸುಮಾರು 70 ಮಂದಿಗೆ ಮತ್ತೆ ಗಡ್ಡೆ ಬರುತ್ತದೆ. ಕಸಿಯಲ್ಲಿ ಗಡ್ಡೆಯೂ ಹೋಗುತ್ತದೆ, ಸಿರೋಸಿಸ್ ಆದ ಯಕೃತ್ತೂ ಹೋಗುತ್ತದೆ. ಕಸಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಕರುಳು, ಸ್ತನ, ಶ್ವಾಸಕೋಶ ಮುಂತಾದ ಕಡೆ ಹುಟ್ಟಿ ಯಕೃತ್ತಿಗೆ ಹರಡಿದ ಕ್ಯಾನ್ಸರ್ ಬೇರೆ. ಅದರ ಚಿಕಿತ್ಸೆಯ ದಾರಿಯೇ ಬೇರೆ. ನಾನು ಇವತ್ತು ಹೇಳುವ ಲೆಕ್ಕ ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರಿಗೆ ಮಾತ್ರ ಸೇರಿದ್ದು.

ಈ ಲೆಕ್ಕ ಎಲ್ಲಿಂದ ಬಂತು?

ಮನುಷ್ಯರಿಗೆ ಮೊದಲ ಯಕೃತ್ ಕಸಿಯನ್ನು 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಎಂಬ ಶಸ್ತ್ರವೈದ್ಯರು ಮಾಡಿದರು. ಆ ರೋಗಿ ಉಳಿಯಲಿಲ್ಲ. 1967ರಲ್ಲಿ ಅವರೇ ಒಂದು ಪುಟ್ಟ ಹೆಣ್ಣು ಮಗುವಿಗೆ ಕಸಿ ಮಾಡಿದರು. ಆ ಮಗುವಿಗೆ ಇದ್ದದ್ದು ಯಕೃತ್ತಿನ ಕ್ಯಾನ್ಸರ್. ಮಗು 400 ದಿನ ಬದುಕಿತು. ಕಸಿ ಆದ ಮೇಲೆ ಅಷ್ಟು ದಿನ ಬದುಕಿದ್ದು ಅದೇ ಮೊದಲು. ಆದರೆ ಕೊನೆಗೆ ಮಗು ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ. ಹೊಸ ಯಕೃತ್ತು ಕೆಲಸ ಮಾಡಿದರೂ, ಆಪರೇಷನ್‌ಗೆ ಮೊದಲೇ ಹೊರಗೆ ಹರಡಿದ್ದ ಕ್ಯಾನ್ಸರ್ ಕಣಗಳು ದೇಹದಲ್ಲೇ ಉಳಿದುಕೊಳ್ಳಬಲ್ಲವು ಎಂಬ ಪಾಠ ಅಂದೇ ಸಿಕ್ಕಿತು.

ಆ ಪಾಠ ಪೂರ್ತಿ ಅರ್ಥವಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು. 1980ರ ದಶಕದಲ್ಲಿ ದೊಡ್ಡ ದೊಡ್ಡ ಗಡ್ಡೆ ಇದ್ದವರಿಗೂ ಕಸಿ ಮಾಡಿದರು. ಬಹಳ ಮಂದಿಗೆ ಕ್ಯಾನ್ಸರ್ ಬೇಗನೆ ಮರಳಿತು. ಕ್ಯಾನ್ಸರಿಗೆ ಕಸಿ ಮಾಡುವುದೇ ಬೇಡವೇನೋ ಎಂಬ ಅನುಮಾನ ವೈದ್ಯರಲ್ಲೇ ಮೂಡಿತ್ತು.

ಆಗ ಇಟಲಿಯ ಮಿಲಾನ್ ನಗರದಲ್ಲಿ ಡಾ. ವಿನ್ಚೆಂಜೊ ಮಜ್ಜಾಫೆರೊ ಮತ್ತು ಅವರ ಸಂಗಡಿಗರು ಗಡ್ಡೆ ಚಿಕ್ಕದಾಗಿದ್ದ ರೋಗಿಗಳನ್ನು ಮಾತ್ರ ಆರಿಸಿಕೊಂಡರು. ಒಂದೇ ಗಡ್ಡೆ ಇದ್ದರೆ ಅದು 5 ಸೆಂಟಿಮೀಟರ್ ಮೀರಬಾರದು. ಒಂದಕ್ಕಿಂತ ಹೆಚ್ಚಿದ್ದರೆ ಮೂರಕ್ಕೆ ಮೀರಬಾರದು, ಪ್ರತಿಯೊಂದೂ 3 ಸೆಂಟಿಮೀಟರ್ ಒಳಗಿರಬೇಕು. ಕ್ಯಾನ್ಸರ್ ರಕ್ತನಾಳದೊಳಗೆ ನುಗ್ಗಿರಬಾರದು, ಯಕೃತ್ತಿನಿಂದ ಆಚೆ ಹೋಗಿರಬಾರದು. ಐದು ಸೆಂಟಿಮೀಟರ್ ಎಂದರೆ ಒಂದು ದಪ್ಪ ನಿಂಬೆಹಣ್ಣು ಎಂದುಕೊಳ್ಳಿ. ಮೂರು ಸೆಂಟಿಮೀಟರ್ ಎಂದರೆ ಒಂದು ಬೆಟ್ಟದ ನೆಲ್ಲಿಕಾಯಿ.

ಹೀಗೆ ಆರಿಸಿದ 48 ರೋಗಿಗಳ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. 4 ವರ್ಷದ ಲೆಕ್ಕದಲ್ಲಿ 100ಕ್ಕೆ 75 ಮಂದಿ ಬದುಕಿದ್ದರು. ತೆಗೆದ ಯಕೃತ್ತನ್ನು ಪ್ರಯೋಗಾಲಯದಲ್ಲಿ ಸೀಳಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಗಡ್ಡೆ ನಿಜವಾಗಿಯೂ ಆ ಮಿತಿಯೊಳಗೇ ಇದ್ದವರಲ್ಲಿ 100ಕ್ಕೆ 85 ಮಂದಿ ಬದುಕಿದ್ದರು. ಸ್ಕ್ಯಾನಿಂಗಿನಲ್ಲಿ ಚಿಕ್ಕದಾಗಿ ಕಂಡು, ಒಳಗೆ ಮಿತಿ ಮೀರಿದ್ದವರಲ್ಲಿ ಉಳಿದವರು 100ಕ್ಕೆ 50 ಮಾತ್ರ. ಎರಡೂ ಗುಂಪಿಗೆ ಮಾಡಿದ ಆಪರೇಷನ್ ಒಂದೇ, ಕೊಟ್ಟ ಔಷಧವೂ ಒಂದೇ ಬಗೆಯದು. ವ್ಯತ್ಯಾಸ ಗಡ್ಡೆಯ ಗಾತ್ರ ಮತ್ತು ಸಂಖ್ಯೆಯಲ್ಲಿತ್ತು. ಈ ಮಿತಿಗೆ ಇಂದಿಗೂ "ಮಿಲಾನ್ ಮಾನದಂಡ" ಎಂದೇ ಹೆಸರು. ನಿಮ್ಮ ಡಾಕ್ಟರು "ಮಿಲಾನ್ ಒಳಗಿದೆ" ಅಥವಾ "ಮಿಲಾನ್ ಮೀರಿದೆ" ಎಂದರೆ ಹೇಳುತ್ತಿರುವುದು ಇದನ್ನೇ.

ನೂರಕ್ಕೆ ಎಪ್ಪತ್ತು ಎಂದರೆ ಏನು?

ಇಂದು ಈ ಮಿತಿಯೊಳಗೆ ಕಸಿ ಮಾಡಿಸಿಕೊಂಡವರಲ್ಲಿ 5 ವರ್ಷದ ನಂತರ 100ಕ್ಕೆ 70ಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ. ಕ್ಯಾನ್ಸರ್ ಮರುಕಳಿಸುವುದು 100ಕ್ಕೆ ಸುಮಾರು 10ರಿಂದ 15 ಮಂದಿಯಲ್ಲಿ. ಈ ಅಂಕಿಯನ್ನು ಕೇಳಿದ ಕೂಡಲೇ ಮನೆಯವರಲ್ಲಿ ಎರಡು ತಪ್ಪು ತಿಳಿವಳಿಕೆ ಹುಟ್ಟುವುದನ್ನು ಕಾಣುತ್ತೇವೆ.

ಮೊದಲನೆಯದು, "ಹಾಗಾದರೆ ಐದೇ ವರ್ಷನಾ?" ಎಂಬ ಆತಂಕ. ಐದು ವರ್ಷ ಎಂಬುದು ಆಯುಸ್ಸಿನ ಗಡುವಲ್ಲ. ಅದು ಲೆಕ್ಕ ಹಾಕಲು ವೈದ್ಯರು ನೆಟ್ಟ ಒಂದು ಮೈಲಿಗಲ್ಲು. ಮರುಕಳಿಸುವ ಕ್ಯಾನ್ಸರ್ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ. ಅದನ್ನು ದಾಟಿದವರ ಮುಂದಿನ ದಾರಿ ಮೊದಲಿಗಿಂತ ಸಲೀಸು. ಹತ್ತು ವರ್ಷ, ಹದಿನೈದು ವರ್ಷ ದಾಟಿದವರೂ ಇದ್ದಾರೆ.

ಎರಡನೆಯದು, "ನೂರಕ್ಕೆ ಎಪ್ಪತ್ತು ಅಂದರೆ ನಮ್ಮವರು ಪಾಸು" ಎಂಬ ಭರವಸೆ. ಇದು ಪರೀಕ್ಷೆಯ ಅಂಕವಲ್ಲ. ನೂರು ಮನೆಗಳಿರುವ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಐದು ವರ್ಷದ ನಂತರ ಎಪ್ಪತ್ತಕ್ಕೂ ಹೆಚ್ಚು ಮನೆಯಲ್ಲಿ ಯಜಮಾನರು ಜಗಲಿಯ ಮೇಲೆ ಕುಳಿತಿರುತ್ತಾರೆ. ಉಳಿದ ಮನೆಗಳಲ್ಲಿ ಇರುವುದಿಲ್ಲ. ಕೆಲವರು ಕ್ಯಾನ್ಸರ್ ಮರಳಿ ಬಂದು, ಕೆಲವರು ಮೊದಲ ತಿಂಗಳುಗಳಲ್ಲೇ ಸೋಂಕು, ರಕ್ತಸ್ರಾವ ಅಥವಾ ಹೊಸ ಯಕೃತ್ತನ್ನು ದೇಹ ಒಪ್ಪದೆ ತೀರಿಕೊಂಡಿರುತ್ತಾರೆ. ನಮ್ಮ ಮನೆ ಯಾವುದರಲ್ಲಿ ಸೇರುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಆದರೆ ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಕೆಲವು ಗುರುತುಗಳಿವೆ. ಗಡ್ಡೆಯ ಗಾತ್ರ ಮತ್ತು ಸಂಖ್ಯೆ, ರಕ್ತನಾಳದೊಳಗೆ ನುಗ್ಗಿದೆಯೇ ಎಂಬುದು, ರಕ್ತದಲ್ಲಿ ಎ.ಎಫ್.ಪಿ. ಎಂಬ ಅಂಶದ ಮಟ್ಟ, ಇವು ಮುಖ್ಯ. ಎ.ಎಫ್.ಪಿ. ಸಾವಿರ ದಾಟಿದ್ದರೆ, ಗಡ್ಡೆ ಚಿಕ್ಕದಾಗಿ ಕಂಡರೂ ವೈದ್ಯರು ಕಸಿಗೆ ಅವಸರ ಮಾಡುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈ ಲೆಕ್ಕ ಶುರುವಾಗುವುದು ಕಸಿ ಆದ ದಿನದಿಂದ. ಯಕೃತ್ತಿಗಾಗಿ ಕಾಯುವ ತಿಂಗಳುಗಳು ಇದರಲ್ಲಿ ಸೇರಿಲ್ಲ. ಕಾಯುವಾಗ ಗಡ್ಡೆ ಬೆಳೆದು ಮಿತಿ ಮೀರಿ, ಪಟ್ಟಿಯಿಂದ ಹೊರಬೀಳುವವರೂ ಇದ್ದಾರೆ. ಅದಕ್ಕಾಗಿಯೇ ಕಾಯುವ ಸಮಯದಲ್ಲಿ ಗಡ್ಡೆಯನ್ನು ಸೂಜಿಯ ಮೂಲಕ ಸುಡುವುದು, ಗಡ್ಡೆಗೆ ರಕ್ತ ಕೊಡುವ ನಾಳದಲ್ಲೇ ಔಷಧ ಬಿಟ್ಟು ಮುಚ್ಚುವುದು ಮುಂತಾದ ಚಿಕಿತ್ಸೆ ಮಾಡುತ್ತಾರೆ. "ಕಸಿ ಮಾಡುತ್ತೇವೆ ಅಂದವರು ಇದನ್ನೇಕೆ ಮಾಡುತ್ತಿದ್ದಾರೆ?" ಎಂದು ಗಾಬರಿಯಾಗಬೇಡಿ.

ಗಡ್ಡೆ ದೊಡ್ಡದಿದ್ದರೆ ಬಾಗಿಲು ಮುಚ್ಚಿತೇ?

ಹಿಂದೆ ಮುಚ್ಚಿತೆಂದೇ ಹೇಳುತ್ತಿದ್ದರು. ಈಗ ಕೆಲವರಿಗೆ ಇನ್ನೊಂದು ದಾರಿ ಇದೆ. ಮಿತಿ ಮೀರಿದ ಗಡ್ಡೆಯನ್ನು ಮೊದಲು ಈಗ ಹೇಳಿದಂಥ ಚಿಕಿತ್ಸೆಗಳಿಂದ ಕುಗ್ಗಿಸಿ, ಕೆಲವು ತಿಂಗಳು ಕಾದು ನೋಡಿ, ಕುಗ್ಗಿದ್ದು ಕುಗ್ಗಿದಂತೆಯೇ ಉಳಿದರೆ ಆಮೇಲೆ ಕಸಿ ಮಾಡುವುದು. ಇಟಲಿಯಲ್ಲೇ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಗಡ್ಡೆ ಕುಗ್ಗಿದ 45 ರೋಗಿಗಳನ್ನು ಎರಡು ಗುಂಪು ಮಾಡಿದರು. ಕಸಿ ಪಡೆದ ಗುಂಪಿನಲ್ಲಿ 5 ವರ್ಷಕ್ಕೆ 100ಕ್ಕೆ 77 ಮಂದಿ ಬದುಕಿದ್ದರು. ಕಸಿ ಇಲ್ಲದೆ ಬೇರೆ ಚಿಕಿತ್ಸೆ ಮುಂದುವರಿಸಿದ ಗುಂಪಿನಲ್ಲಿ 31 ಮಂದಿ. ಆದ್ದರಿಂದ "ಗಡ್ಡೆ ದೊಡ್ಡದಿದೆ" ಎಂಬ ಮಾತು ಕೇಳಿದ ದಿನವೇ ಊರಿಗೆ ಹೊರಟುಬಿಡಬೇಡಿ. "ಇದನ್ನು ಕುಗ್ಗಿಸಲು ಬರುತ್ತದೆಯೇ?" ಎಂದು ಕೇಳಿ.

ಆದರೆ ದೊಡ್ಡ ರಕ್ತನಾಳದಲ್ಲಿ ಕ್ಯಾನ್ಸರ್ ತುಂಬಿದ್ದರೆ, ಶ್ವಾಸಕೋಶಕ್ಕೋ ಮೂಳೆಗೋ ಹರಡಿದ್ದರೆ, ಸಾಮಾನ್ಯವಾಗಿ ಕಸಿ ಬೇಡವೆನ್ನುತ್ತಾರೆ. ಆ ಮಾತು ಕೇಳುವುದು ಕಷ್ಟ. ಎಷ್ಟು ಹಣ ಹೊಂದಿಸಿದರೂ ಆಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಹೊರಗೆ ಹರಡಿದ ಕ್ಯಾನ್ಸರ್ ಇದ್ದಾಗ ಕಸಿ ಮಾಡಿದರೆ, ಹೊಸ ಯಕೃತ್ತನ್ನು ಉಳಿಸಲು ಕೊಡುವ ಔಷಧವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತದೆ. ದಾನಿಯ ಹೊಟ್ಟೆಯನ್ನು ಕೊಯ್ದದ್ದೂ ವ್ಯರ್ಥವಾಗುತ್ತದೆ. ಬೇಡ ಎನ್ನುವುದರ ಹಿಂದೆ ಇಷ್ಟು ವಿಚಾರವಿದೆ. ಕಸಿ ಇಲ್ಲ ಎಂದ ಮಾತ್ರಕ್ಕೆ ಚಿಕಿತ್ಸೆ ಇಲ್ಲವೆಂದಲ್ಲ. ಕ್ಯಾನ್ಸರನ್ನು ತಡೆಹಿಡಿಯುವ ಮಾತ್ರೆಗಳಿವೆ, ಇಮ್ಯುನೊಥೆರಪಿ ಎಂಬ ಇಂಜೆಕ್ಷನ್‌ಗಳಿವೆ. ನೋವು ತಗ್ಗಿಸಲು, ಹೊಟ್ಟೆಯ ನೀರು ತೆಗೆಯಲು, ನಿದ್ದೆ ಬರುವಂತೆ ಮಾಡಲು ನಾವಿದ್ದೇವೆ. ರೋಗಿಯನ್ನು ನೆಮ್ಮದಿಯಾಗಿ ಇಡುವುದೂ ಚಿಕಿತ್ಸೆಯೇ.

ಯಕೃತ್ತು ಎಲ್ಲಿಂದ ಬರುತ್ತದೆ?

ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಯಕೃತ್ ಕಸಿ ನಡೆದದ್ದು 1998ರಲ್ಲಿ, ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ. ಪುಟ್ಟ ಮಗನಿಗೆ ತಂದೆ ತಮ್ಮ ಯಕೃತ್ತಿನ ಭಾಗ ಕೊಟ್ಟರು. ಆ ಮಗು ಬೆಳೆದು ಈಗ ಸ್ವತಃ ವೈದ್ಯ. 2023ರಲ್ಲಿ ದೇಶದಲ್ಲಿ ಆದ ಯಕೃತ್ ಕಸಿ 4,491. ಎಲ್ಲ ಅಂಗಗಳೂ ಸೇರಿ ಆ ವರ್ಷ ಆದ 18,378 ಕಸಿಗಳಲ್ಲಿ 15,436 ಜೀವಂತ ದಾನಿಗಳಿಂದ ಬಂದವು. ಅಂದರೆ ಬಹುಪಾಲು ಮನೆಯವರೇ ಕೊಟ್ಟದ್ದು.

ಯಕೃತ್ತಿಗೆ ಮತ್ತೆ ಬೆಳೆಯುವ ಗುಣವಿದೆ. ದಾನಿಯ ಬಲಭಾಗವನ್ನು, ಅಂದರೆ ಸುಮಾರು ಅರುವತ್ತು ಪಾಲನ್ನು ತೆಗೆದರೂ, ಉಳಿದದ್ದು ಎರಡು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬರುತ್ತದೆ. ದಾನಿಗೆ 18 ವರ್ಷ ತುಂಬಿರಬೇಕು, ರಕ್ತದ ಗುಂಪು ಸಾಮಾನ್ಯವಾಗಿ ಹೊಂದಬೇಕು, ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿರಬಾರದು.

ಆದರೆ ದಾನಿಗೆ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಲಭಾಗ ಕೊಡುವ ಸಾವಿರ ದಾನಿಗಳಲ್ಲಿ ಎರಡರಿಂದ ಐದು ಮಂದಿ ಪ್ರಾಣ ಕಳೆದುಕೊಳ್ಳಬಹುದು ಎಂಬುದು ಲೋಕದ ಅನುಭವ. ಪಿತ್ತ ಸೋರುವುದು, ಸೋಂಕು, ಗಾಯದ ನೋವು ಮುಂತಾದ ತೊಂದರೆ ಇದಕ್ಕಿಂತ ಹೆಚ್ಚು ಮಂದಿಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಕೊಡುವ ಮಾತು ಬಂದಾಗ ಎಲ್ಲರ ಕಣ್ಣೂ ಹೆಂಡತಿಯ ಕಡೆಗೋ ತಾಯಿಯ ಕಡೆಗೋ ತಿರುಗುತ್ತದೆ. ತಾಯಂದಿರೇ, ಒಂದು ವಿಷಯ ತಿಳಿದಿರಲಿ. ಆಸ್ಪತ್ರೆಯಲ್ಲಿ ದಾನಿಯನ್ನು ಮನೆಯವರಿಂದ ಬೇರೆಯಾಗಿ ಕೂರಿಸಿ ಮಾತನಾಡಿಸುತ್ತಾರೆ. ಆಗ ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಹೇಳಿ. ಒಲ್ಲೆ ಎನ್ನುವುದಕ್ಕೂ ನಿಮಗೆ ಹಕ್ಕಿದೆ. ಕೊಡದಿದ್ದವರು ಪ್ರೀತಿ ಇಲ್ಲದವರಲ್ಲ.

ಅಂಗಾಂಗ ಕಸಿಗೆ 1994ರ ಕಾಯಿದೆ ಇದೆ, 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಇವರು ಕಾಯಿದೆಯ ಪ್ರಕಾರ ಹತ್ತಿರದ ಬಂಧುಗಳು. ಸೊಸೆ, ಅಳಿಯ, ಭಾವಮೈದುನ ಈ ಪಟ್ಟಿಯಲ್ಲಿಲ್ಲ. ಅವರು ಕೊಡುವುದಾದರೆ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು. ಹಣ ಕೊಟ್ಟು ಅಂಗ ಕೊಳ್ಳುವುದು, ಮಾರುವುದು, ಮಧ್ಯೆ ನಿಲ್ಲುವುದು ಎಲ್ಲವೂ ಅಪರಾಧ. ಶಿಕ್ಷೆ 5ರಿಂದ 10 ವರ್ಷ ಜೈಲು ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. "ದಾನಿ ಹುಡುಕಿ ಕೊಡುತ್ತೇನೆ" ಎನ್ನುವವರನ್ನು ದೂರವಿಡಿ.

ಮನೆಯಲ್ಲಿ ಹೊಂದುವ ದಾನಿ ಇಲ್ಲದಿದ್ದರೆ ಎರಡನೆಯ ದಾರಿ, ಮಿದುಳು ಸತ್ತವರ ಕುಟುಂಬ ಕೊಡುವ ದಾನ. ಇದನ್ನು ನಮ್ಮ ರಾಜ್ಯದಲ್ಲಿ "ಜೀವಸಾರ್ಥಕತೆ" ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತದೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ರೋಗಿಯ ಹೆಸರನ್ನು ಅಲ್ಲಿ ನೋಂದಾಯಿಸಬೇಕು. ನಾಲ್ವರು ವೈದ್ಯರು, ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮಿದುಳು ಸಾವನ್ನು ದೃಢಪಡಿಸುತ್ತಾರೆ. 2023ರಲ್ಲಿ ಕರ್ನಾಟಕದಲ್ಲಿ ಇಂಥ 178 ಮಂದಿಯ ಕುಟುಂಬಗಳು ಅಂಗದಾನಕ್ಕೆ ಒಪ್ಪಿದವು.

ಈ ವಿಷಯದಲ್ಲಿ ಜನರಲ್ಲಿ ಒಂದು ಗೊಂದಲವಿದೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ನಿಮಗೆಲ್ಲ ಗೊತ್ತು. ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ಗಂಟೆಗಳೊಳಗೆ ಕೊಡಬಹುದು, ಮನೆಯಲ್ಲಿ ತೀರಿಕೊಂಡರೂ ಕೊಡಬಹುದು. ಯಕೃತ್ತಿಗೆ ರಕ್ತದ ಓಡಾಟ ನಿಂತರೆ ಅದು ಬೇಗನೆ ಕೆಡುತ್ತದೆ. ಅದೇ ವರ್ಷದ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡಾಗ ಅವರ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಯಕೃತ್ತು ಸಿಗುವುದು ಹೆಚ್ಚಾಗಿ ಇಂಥ ಸಂದರ್ಭದಲ್ಲಿ, ವೆಂಟಿಲೇಟರಿನ ಮೇಲೆ ಹೃದಯ ಇನ್ನೂ ಬಡಿಯುತ್ತಿರುವಾಗ. ಆ ಹೊತ್ತಿನಲ್ಲಿ ದುಃಖದಲ್ಲಿ ಮುಳುಗಿರುವ ಯಾರದೋ ಮನೆಯವರು "ಆಗಲಿ" ಎಂದರೆ ಮಾತ್ರ ಇಲ್ಲಿ ನಿಮ್ಮವರಿಗೆ ಯಕೃತ್ತು. ಕಾಯುವವರು ಇದನ್ನು ಮರೆಯಬಾರದು.

ಆಪರೇಷನ್ ಆದ ಮೇಲೆ

ಇದು ನಮ್ಮ ನಿಮ್ಮ ಕೈಯಲ್ಲಿರುವ ಭಾಗ. ಹೊಸ ಯಕೃತ್ತನ್ನು ದೇಹ ಪರಕೀಯವೆಂದು ತಿಳಿದು ಅದರ ಮೇಲೆ ದಾಳಿ ಮಾಡುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್ ಮುಂತಾದ ಮಾತ್ರೆ ಕೊಡುತ್ತಾರೆ. ಇವನ್ನು ಸಾಮಾನ್ಯವಾಗಿ ಜೀವನಪೂರ್ತಿ ತೆಗೆದುಕೊಳ್ಳಬೇಕು.

• ದಿನಕ್ಕೆರಡು ಸಲದ ಮಾತ್ರೆಯಾದರೆ ಹನ್ನೆರಡು ಗಂಟೆಗೊಮ್ಮೆ ನುಂಗಿ. ಬೆಳಿಗ್ಗೆ ಎಂಟಾದರೆ ರಾತ್ರಿಯೂ ಎಂಟು. ಮದುವೆ, ಜಾತ್ರೆ, ಪ್ರಯಾಣ ಯಾವುದಿದ್ದರೂ ಮಾತ್ರೆ ಜೊತೆಯಲ್ಲಿರಲಿ. "ಈಗ ಚೆನ್ನಾಗಿದ್ದೇನೆ" ಎಂದು ನಿಲ್ಲಿಸಬೇಡಿ. ಚೆನ್ನಾಗಿರುವುದು ಮಾತ್ರೆಯಿಂದಲೇ.

• ಚಕ್ಕೋತ ಹಣ್ಣು ತಿನ್ನಬೇಡಿ. ದೇವರಾಜ ಮಾರುಕಟ್ಟೆಯಲ್ಲಿ ಕಣ್ಣಿಗೆ ಬಿದ್ದರೂ ಮನೆಗೆ ತರಬೇಡಿ. ಅದು ರಕ್ತದಲ್ಲಿ ಈ ಮಾತ್ರೆಯ ಮಟ್ಟವನ್ನು ಏರಿಸಿ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತದೆ.

• ನಾಟಿ ಔಷಧ, ಕಾಮಾಲೆಯ ಸೊಪ್ಪಿನ ರಸ, ಅಮೃತಬಳ್ಳಿ ಕಷಾಯ, ಅಂಗಡಿಯ ನೋವಿನ ಮಾತ್ರೆ, ಯಾವುದನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

• ಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.

• ಕುದಿಸಿ ಆರಿಸಿದ ನೀರು, ಮನೆಯಲ್ಲಿ ಮಾಡಿದ ಬಿಸಿ ಊಟ. ಮೊದಲ ಕೆಲವು ತಿಂಗಳು ಹೊರಗಿನ ಚಾಟ್ಸ್, ಕತ್ತರಿಸಿಟ್ಟ ಹಣ್ಣು ಬೇಡ. ನೆಗಡಿ ಕೆಮ್ಮು ಇರುವ ನೆಂಟರು ನೋಡಲು ಬರುವುದೂ ಬೇಡ.

• ಮದ್ಯ ಒಂದು ತೊಟ್ಟೂ ಕೂಡದು. ತಂಬಾಕು, ಗುಟ್ಕಾ ಕೂಡ ಬಿಡಬೇಕು.

• ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಸ್ಕ್ಯಾನಿಂಗ್ ಮತ್ತು ಎ.ಎಫ್.ಪಿ. ಪರೀಕ್ಷೆ ಮಾಡಿಸಿ. ಮೊದಲ ಎರಡು ಮೂರು ವರ್ಷ ಇದರಲ್ಲಿ ಒಂದನ್ನೂ ತಪ್ಪಿಸಬೇಡಿ. ಕ್ಯಾನ್ಸರ್ ಹೊಸ ಯಕೃತ್ತಿನಲ್ಲಿ ಮಾತ್ರವಲ್ಲ, ಶ್ವಾಸಕೋಶದಲ್ಲೂ ಮೂಳೆಯಲ್ಲೂ ಮರಳಬಹುದು. ವಾಸಿಯಾಗದ ಬೆನ್ನುನೋವು, ಬಿಡದ ಕೆಮ್ಮು ಇದ್ದರೆ ಹೇಳಿ.

ಹಣದ ಮಾತು, ಹೇಳುವ ಮಾತು

ಕಸಿಯ ಖರ್ಚು ಹಲವು ಲಕ್ಷ ರೂಪಾಯಿ. ಆಮೇಲಿನ ಮಾತ್ರೆ, ಪರೀಕ್ಷೆಗಳ ಖರ್ಚು ತಿಂಗಳು ತಿಂಗಳೂ ಇರುತ್ತದೆ. ಆಪರೇಷನ್‌ಗೆಂದು ಇದ್ದದ್ದನ್ನೆಲ್ಲ ಮಾರಿ, ಆಮೇಲೆ ಮಾತ್ರೆಗೆ ದುಡ್ಡಿಲ್ಲದಂತೆ ಆದರೆ ಮಾಡಿದ್ದೆಲ್ಲ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಜಮೀನಿನ ಪತ್ರಕ್ಕೆ ಸಹಿ ಹಾಕುವ ಮೊದಲು ಕಸಿ ಸಂಯೋಜಕರನ್ನು ಭೇಟಿ ಮಾಡಿ. ಬಿ.ಪಿ.ಎಲ್. ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ಸರ್ಕಾರದ ನೆರವು ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ಗ್ಯಾಸ್ಟ್ರೊಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯಲ್ಲೂ ವಿಚಾರಿಸಿ.

ಇನ್ನೊಂದು ವಿಷಯ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್" ಎಂದು ಮಕ್ಕಳು ಕೈಮುಗಿಯುತ್ತಾರೆ. ಅವರ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಇಂಥ ದೊಡ್ಡ ಆಪರೇಷನ್‌ಗೆ ಸಹಿ ಹಾಕಬೇಕಾದವರು ಅಪ್ಪ. ಜೀವನಪೂರ್ತಿ ಮಾತ್ರೆ ನುಂಗಬೇಕಾದವರೂ ಅವರೇ. ಯಾಕೆ ಎಂದು ತಿಳಿಯದವರು ಎಷ್ಟು ದಿನ ನುಂಗಿಯಾರು? ತಿಳಿಸುವ ಬಗೆಯನ್ನು ನಾವೆಲ್ಲ ಕೂಡಿ ಯೋಚಿಸೋಣ. ಮರೆಮಾಚುವುದು ಬೇಡ.

ಡಾಕ್ಟರ ಬಳಿ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ಗಡ್ಡೆ ಎಷ್ಟಿವೆ, ಗಾತ್ರ ಎಷ್ಟು? ಮಿಲಾನ್ ಮಿತಿಯೊಳಗಿದೆಯೇ?
2. ರಕ್ತನಾಳಕ್ಕೆ ಅಥವಾ ಹೊರಗೆ ಹರಡಿದೆಯೇ? ಎ.ಎಫ್.ಪಿ. ಎಷ್ಟಿದೆ?
3. ಮಿತಿ ಮೀರಿದ್ದರೆ ಕುಗ್ಗಿಸಬಹುದೇ?
4. ಕಸಿ ಬಿಟ್ಟು ಬೇರೆ ಚಿಕಿತ್ಸೆ ಏನಿದೆ, ಅದರ ಫಲ ಎಷ್ಟು?
5. ನಿಮ್ಮ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆಂದು ಕಸಿ ಮಾಡಿಸಿಕೊಂಡವರಲ್ಲಿ ಒಂದು ವರ್ಷ, ಐದು ವರ್ಷ ದಾಟಿದವರು ಎಷ್ಟು?
6. ದಾನಿಗೆ ಇರುವ ಅಪಾಯವೇನು?
7. ಕಸಿಯ ಒಟ್ಟು ಖರ್ಚು ಎಷ್ಟು? ಆಮೇಲೆ ತಿಂಗಳ ಖರ್ಚು ಎಷ್ಟು?

ಈ ಪ್ರಶ್ನೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಜೊತೆಗೆ ಬಂದವರಿಗೆ

ಕೊನೆಯದಾಗಿ, ರೋಗಿಯ ಪಕ್ಕದಲ್ಲಿ ಕುಳಿತಿರುವ ನಿಮಗೆ ಒಂದು ಮಾತು. ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಉಳಿದವರೆಲ್ಲ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಹುಟ್ಟಿದ ಮಗುವಿಗೆ ಮೊದಲ ಲಸಿಕೆ 24 ಗಂಟೆಯೊಳಗೆ ಬೀಳಬೇಕು. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ, ಬಹುತೇಕ ಎಲ್ಲರಲ್ಲೂ ವಾಸಿಯಾಗುತ್ತದೆ.

ಸಿರೋಸಿಸ್ ಇದೆ ಎಂದು ಈಗಾಗಲೇ ಗೊತ್ತಾಗಿರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ನೋವಿಲ್ಲ, ಊಟ ಸೇರುತ್ತದೆ, ಕೆಲಸಕ್ಕೆ ಹೋಗುತ್ತೇನೆ ಎಂದು ಬಿಡಬೇಡಿ. ನೆಲ್ಲಿಕಾಯಿ ಗಾತ್ರದ ಗಡ್ಡೆ ನೋವು ಕೊಡುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಅದು ನಿಂಬೆಹಣ್ಣನ್ನು ದಾಟಿರುತ್ತದೆ. ಮಿತಿಯೊಳಗಿನ 85ಕ್ಕೂ ಮಿತಿ ಮೀರಿದ 50ಕ್ಕೂ ಇರುವ ಅಂತರವನ್ನು ಈಗಷ್ಟೇ ನೋಡಿದಿರಿ. ಆ ಅಂತರವನ್ನು ತುಂಬುವುದು ಖಾಲಿ ಹೊಟ್ಟೆಯಲ್ಲಿ ಬಂದು ಮಾಡಿಸುವ ಹತ್ತು ನಿಮಿಷದ ಒಂದು ಸ್ಕ್ಯಾನಿಂಗ್. ನಂಜನಗೂಡಾಗಲಿ, ಹುಣಸೂರಾಗಲಿ, ಎಚ್.ಡಿ. ಕೋಟೆಯಾಗಲಿ, ಬಸ್ಸಿನ ಒಂದು ದಿನದ ಓಡಾಟ ಅಷ್ಟೆ. ಮುಂದಿನ ತಾರೀಖನ್ನು ಇವತ್ತೇ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಎಲ್ಲರೆದುರು ಕೇಳಲು ಸಂಕೋಚವಾಗುವ ಪ್ರಶ್ನೆಯಿದ್ದರೆ ವಾರ್ಡಿನಲ್ಲಿ ಶುಶ್ರೂಷಕಿಯರನ್ನು ಕೇಳಿ. ಅವರಿಗೆ ತಿಳಿಯದಿದ್ದರೆ ಡಾಕ್ಟರನ್ನು ಕೇಳಿ ಬಂದು ಹೇಳುತ್ತಾರೆ.